ಹತ್ತು ಡಿಗ್ರಿಯೊಳಗೆ

ಆ ಬುಧವಾರ ಬೆಳಿಗ್ಗೆ ಮಂಚದ ಕೆಳಗಿನಿಂದ ಬುಟ್ಟಿ ಎಳೆದು, ಒದ್ದೆ ಬಟ್ಟೆ ಸರಿಸಿ ನೋಡಿದರೆ ಮಲ್ಲಿಗೆಯೆಲ್ಲ ಕಂದಿತ್ತು. ಹಿಂದಿನ ಸಂಜೆ ಕಟ್ಟಿಟ್ಟ ಹೂವು ಅದು. ಆಗಲೇ ಹದಿನಾಲ್ಕು ವರ್ಷದಿಂದ ನಾನು ಹೂವು ಮಾರುತ್ತಿದ್ದೆ. ನಮ್ಮ ಮನೆಯವರ ಮಂಚದ ಕೆಳಗಿಟ್ಟ ಹೂವು ಮೂರನೇ ದಿನಕ್ಕೂ ಆಗತಾನೇ ಬಿಡಿಸಿ ತಂದ ಹಾಗೆ ಇರುತ್ತಿತ್ತು. ನೀಲಮ್ಮನ ಬುಟ್ಟಿಯಲ್ಲಿ ಬಾಡಿದ ಹೂವಿದೆ ಎಂದು ಊರಲ್ಲಿ ಒಬ್ಬಳೂ ಹೇಳಿದ್ದಿಲ್ಲ, ಹೇಳಿದ್ದರೆ ಅವಳನ್ನು ನಾನು ಸುಮ್ಮನೆ ಬಿಡುತ್ತಲೂ ಇರಲಿಲ್ಲ. ಅವತ್ತು ಮಾತ್ರ ಬುಟ್ಟಿ ಮುಂದಿಟ್ಟುಕೊಂಡು ಕೂತವಳಿಗೆ ಹೆದರಿಕೆಯಾಯಿತು. ಹೂವಿಗಾಗಿ ಅಲ್ಲ. ಹಾಳಾದ ಹೂವು ತಿಪ್ಪೆಗೆ ಹೋಗುತ್ತದೆ, ಮುಗಿಯಿತು. ಮುಂದಿನ ಬುಧವಾರ ಸಿಪಾಯಿ ಕಚೇರಿಯಲ್ಲಿ ನಮ್ಮ ಮನೆಯವರ ಹವೆ ಪರೀಕ್ಷೆ ಇತ್ತು.

ನಮ್ಮೂರಿನಲ್ಲಿ ಸೈನ್ಯಕ್ಕೆ ಹೋಗಿ ಬಂದವರು ತಾವಿದ್ದ ಜಾಗದ ಹವೆಯನ್ನು ಮೈಗೆ ಅಂಟಿಸಿಕೊಂಡೇ ಬರುತ್ತಾರೆ. ಕೈ ಚಾಚಿದರೆ ಸಿಗುವಷ್ಟು ದೂರ, ಅದರಾಚೆ ಇಲ್ಲ. ಮರಳುಗಾಡಿನಲ್ಲಿದ್ದ ಸುಬೇದಾರ್ ಇಮಾಮಸಾಬರ ಸುತ್ತ ವರ್ಷವಿಡೀ ಬಿಸಿಲ ಝಳ. ಮಳೆಗಾಲ ಬಂತೆಂದರೆ ಓಣಿಯ ಹೆಂಗಸರು ಅವರನ್ನು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಸುತ್ತ ಚಾಪೆ ಹಾಸಿ ಹಪ್ಪಳ ಒಣಗಿಸಿಕೊಳ್ಳುತ್ತಾರೆ. ಹಡಗಿನಲ್ಲಿದ್ದವರೊಬ್ಬರ ಮನೆಯಲ್ಲಿ ಉಪ್ಪಿನ ಡಬ್ಬಿ ಸದಾ ನೀರೊಡೆದಿರುತ್ತದೆ, ಅವರ ಸೈಕಲ್ಲು ಆರು ತಿಂಗಳಿಗೆ ತುಕ್ಕು ಹಿಡಿಯುತ್ತದೆ. ನಮ್ಮ ಮನೆಯವರು, ಹವಾಲ್ದಾರ್ ತಿಪ್ಪೇರುದ್ರಪ್ಪ, ಮಂಜಿನ ಗಡಿಯಿಂದ ಬಂದವರು. ಅವರ ಪಕ್ಕದಲ್ಲಿ ಕೂತರೆ ಬಾಯಿಂದ ಹೊಗೆ ಬರುತ್ತದೆ, ಜೊತೆಗೆ ಸೀಮೆಎಣ್ಣೆ ಸ್ಟೌವಿನ ವಾಸನೆ. ಅಲ್ಲಿ ಡೇರೆಯೊಳಗೆ ಹಗಲೂ ರಾತ್ರಿ ಸ್ಟೌ ಉರಿಸುತ್ತಿದ್ದರಂತೆ. ಓಣಿಯ ಸಕ್ಕರೆ ಕಾಯಿಲೆಯವರು ತಮ್ಮ ಇಂಜೆಕ್ಷನ್ ಸೀಸೆಗಳನ್ನು ನಮ್ಮ ಮನೆಯಲ್ಲಿ, ಅವರ ತಲೆದಿಂಬಿನ ಹತ್ತಿರದ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದರು. ಬೇಸಿಗೆಯ ಮದುವೆಗಳಿಗೆ ಬೀಗರಿಗಿಂತ ಮೊದಲು ಇವರಿಗೆ ಕರೆ ಬರುತ್ತಿತ್ತು, ಯಾಕೆಂದು ನನಗೆ ಗೊತ್ತಿಲ್ಲವೇ?

ಹವೆ ಇದ್ದವರಿಗೆ ಸೌಲಭ್ಯ, ಇದು ನಮ್ಮ ರಾಜ್ಯ ಸರ್ಕಾರದ ನಿಯಮ. ಪಿಂಚಣಿ ದೊಡ್ಡ ಸರ್ಕಾರದ್ದು, ಅದು ಹವೆ ಗಿವೆ ಕೇಳುವುದಿಲ್ಲ. ಉಳಿದದ್ದೆಲ್ಲ ರಾಜ್ಯದ್ದು: ಬಸ್ ಪಾಸು, ಮನೆ ಕಂದಾಯದಲ್ಲಿ ಮಾಫಿ, ಆಸ್ಪತ್ರೆ ಚೀಟಿ, ಮಕ್ಕಳಿಗೆ ಕಾಲೇಜಿನಲ್ಲಿ ಸೀಟು. ವರ್ಷಕ್ಕೊಮ್ಮೆ ಸಿಪಾಯಿ ಕಚೇರಿಗೆ ಹೋಗಿ ಕುರ್ಚಿಯ ಮೇಲೆ ಕೂರಬೇಕು. ಎದೆಯಿಂದ ಒಂದು ಗೇಣು ದೂರದಲ್ಲಿ ಥರ್ಮಾಮೀಟರ್ ಇಡುತ್ತಾರೆ. ಮಂಜಿನವರಾದರೆ ಮುಕ್ಕಾಲು ಗಂಟೆಯಲ್ಲಿ ಒಂದು ಸಲವಾದರೂ ಹತ್ತು ಡಿಗ್ರಿಯೊಳಗೆ ಇಳಿಯಬೇಕು. ಇಳಿದರೆ ಆ ವರ್ಷದ ಹವೆಪತ್ರ ಕೈಗೆ ಬರುತ್ತದೆ. ಇಳಿಯದಿದ್ದರೆ ನೀವು ಯಾವ ಯುದ್ಧದಲ್ಲಿ ಎಷ್ಟು ಪದಕ ತಂದಿದ್ದರೂ ಅಷ್ಟೇ, ಗುಣವಾಗಿದ್ದೀರಿ ಮನೆಗೆ ಹೋಗಿ ಎನ್ನುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುತ್ತಾರಲ್ಲ, ಹಾಗೆ.

ಬಸ್ ಪಾಸು ಹೋದರೆ ನಡೆಯಬಹುದು. ನನ್ನ ಚಿಂತೆ ಸುಗುಣಳದು, ನಮ್ಮ ಒಬ್ಬಳೇ ಮಗಳು. ಆ ಗೂಡಿನ ಇಂಜೆಕ್ಷನ್ ಸೀಸೆಗಳನ್ನು ಮನೆಮನೆಗೆ ಕೊಟ್ಟು ಬರುತ್ತಾ, ಹತ್ತನೇ ವಯಸ್ಸಿಗೇ ಓಣಿಯ ಮುದುಕಿಯರಿಗೆ ಸೂಜಿ ಚುಚ್ಚಲು ಕಲಿತವಳು. ನರ್ಸಿಂಗ್ ಓದಬೇಕೆಂದು ಹಟ ಹಿಡಿದಿದ್ದಳು. ಮಾಜಿ ಸೈನಿಕರ ಮಕ್ಕಳ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು, ಆ ವರ್ಷದ ಹವೆಪತ್ರವನ್ನು ಬುಧವಾರ ಕಳೆದು ಶುಕ್ರವಾರದೊಳಗೆ ಕಾಲೇಜಿಗೆ ಕೊಡಬೇಕಿತ್ತು. ಕೊಡದಿದ್ದರೆ ಸೀಟು ಮುಂದಿನವಳಿಗೆ. ಸೀಟು ಹೋದರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ನಮ್ಮ ನಾದಿನಿ ತನ್ನ ಮಗನಿಗೆ ಹೆಣ್ಣು ಕೇಳಿ ಎರಡು ಸಲ ಬಂದು ಹೋಗಿದ್ದಳು. ಹುಡುಗ ಕೆಟ್ಟವನಲ್ಲ, ಸೋಮಾರಿ. ನನ್ನನ್ನು ಏಳನೇ ಕ್ಲಾಸಿಗೆ ಬಿಡಿಸಿ ಹದಿನೇಳಕ್ಕೆ ಮದುವೆ ಮಾಡಿದರು. ನನ್ನ ಮಗಳನ್ನು ಆ ದಾರಿಗೆ ಹಚ್ಚುವುದಿಲ್ಲ ಎಂದು ಅವಳು ಹುಟ್ಟಿದ ದಿನವೇ ನಿಶ್ಚಯ ಮಾಡಿದ್ದೆ.

ನಿಜ ಹೇಳಬೇಕೆಂದರೆ ಗುರುತು ಮೊದಲೇ ಕಂಡಿತ್ತು, ನಾನೇ ಕಣ್ಣು ಮುಚ್ಚಿಕೊಂಡಿದ್ದೆ. ಅವರ ಸ್ವೆಟರ್ ಒಂದು ತಿಂಗಳಿಂದ ಮೊಳೆಯ ಮೇಲೇ ಇತ್ತು. ಮೊದಲೆಲ್ಲ ಅವರ ತಟ್ಟೆಯಲ್ಲಿ ತುಪ್ಪ ಹಾಕಿದ ಕೂಡಲೇ ಹೆಪ್ಪುಗಟ್ಟುತ್ತಿತ್ತು, ಒಂದು ಊಟಕ್ಕೆ ಮೂರು ಸಲ ಸಾರು ಕಾಯಿಸಿ ಬಡಿಸುತ್ತಿದ್ದೆ. ಈಗ ಬಿಸಿ ಸಾರು ಬಿಸಿಯಾಗಿಯೇ ಉಣ್ಣುತ್ತಿದ್ದರು. ಬಾವಿಕಟ್ಟೆಯ ಹತ್ತಿರ ನಿಂತು ಶಿಳ್ಳೆ ಹಾಕುವುದನ್ನು ಒಂದು ದಿನ ಕೇಳಿದೆ. ಇನ್ನೊಂದು ದಿನ ಸುಗುಣ ಓದುತ್ತಾ ಓದುತ್ತಾ ಅವರ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಅವರು ಗಡಿಯಿಂದ ಬಂದಾಗ ನಾಲ್ಕು ವರ್ಷದ ಮಗು ಅದು. ಎತ್ತಿಕೊಳ್ಳಲು ಹೋದರೆ ಅಪ್ಪ ಚಳಿ, ಅಪ್ಪ ಚಳಿ ಎಂದು ಕಿರುಚಿ ನನ್ನ ಸೆರಗಿನಲ್ಲಿ ಅಡಗಿತ್ತು. ಆಮೇಲೆ ಅವರು ಅವಳನ್ನು ಮುಟ್ಟಬೇಕಾದರೆ ಟವೆಲ್ ಸುತ್ತಿಕೊಂಡೇ ಮುಟ್ಟುತ್ತಿದ್ದರು. ಈಗ ಬರಿಯ ಬನಿಯನ್ನಿನಲ್ಲಿ ಕೂತ ಅಪ್ಪನಿಗೆ ಒರಗಿ ಮಗಳು ಗೊರಕೆ ಹೊಡೆಯುತ್ತಿದ್ದಾಳೆ, ಎಲ್ಲಿ ಅವಳಿಗೆ ಎಚ್ಚರವಾಗಿಬಿಡುತ್ತದೋ ಎಂದು ಅವರು ಅಲ್ಲಾಡದೆ ಕೂತಿದ್ದಾರೆ.

ಭಾನುವಾರ ಮಧ್ಯಾಹ್ನ ನಾನು ಕನಕಾಂಬರ ಕಟ್ಟುತ್ತಿದ್ದೆ. ಅವರು ಬಂದು ಪಕ್ಕದಲ್ಲಿ ಕೂತು, ಬಾಳೆನಾರು ಹಿಡಿದಿದ್ದ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು. ಹದಿನಾಲ್ಕು ವರ್ಷ ನಾವು ಎರಡು ಕಂಬಳಿಯ ಆಚೆ ಈಚೆ ಸಂಸಾರ ಮಾಡಿದವರು. ಆ ಕೈ ಬೆಚ್ಚಗಿತ್ತು. ಒರಟಾಗಿ, ಸ್ವಲ್ಪ ಬೆವರಿ, ಎಲ್ಲ ಗಂಡಸರ ಕೈ ಇರುವ ಹಾಗೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. "ಯಾಕೆ ಅಳ್ತೀಯ ನೀಲಾ?" ಎಂದರು. ಸಂತೋಷಕ್ಕೂ ಅಳುತ್ತಿದ್ದೆ, ಭಯಕ್ಕೂ ಅಳುತ್ತಿದ್ದೆ. ಯಾವುದನ್ನು ಹೇಳಲಿ? "ಬುಧವಾರ ಪರೀಕ್ಷೆ ಇದೆ, ನೆನಪಿದೆ ತಾನೇ ನಿಮಗೆ" ಎಂದೆ. ಅವರು ಮೆಲ್ಲಗೆ ಕೈ ತೆಗೆದರು. "ನೆನಪಿದೆ. ಆಗುತ್ತೆ ಬಿಡು" ಎಂದು ಎದ್ದು ಹೋದರು. ಆ ಹಾಳು ಬಾಯಿಯನ್ನು ಇನ್ನೊಂದು ಗಳಿಗೆ ಮುಚ್ಚಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ.

ಸೋಮವಾರ ಇಮಾಮಸಾಬರ ಹತ್ತಿರ ಹೋದೆ. ಹವೆಯ ವಿಷಯದಲ್ಲಿ ಊರಿನಲ್ಲಿ ಅವರಿಗಿಂತ ತಿಳಿದವರಿಲ್ಲ. ಅವರ ಜಗಲಿಯ ಮೇಲೆ ಕೂತ ಐದು ನಿಮಿಷಕ್ಕೆ ನನ್ನ ತುಟಿ ಒಣಗಿ ಹೋಯಿತು. ಎಲ್ಲ ಕೇಳಿಕೊಂಡು ಅವರು ಗಡ್ಡ ನೀವಿದರು. "ಹವೆ ಹೋಗ್ತಾ ಇದೆ ಅಂದ್ರೆ ಅವನು ಈಗ ಊರಿಗೆ ಬಂದ ಅಂತ ತಿಳ್ಕೊ ತಂಗಿ. ಹದಿನಾಲ್ಕು ವರ್ಷ ತಗೊಂಡ. ಬರ್ಲಿ ಬಿಡು" ಎಂದರು.

"ಬರ್ಲಿ ಅಣ್ಣ, ಬೇಡ ಅಂದೋರ್ಯಾರು? ಒಂದು ವಾರ ತಡವಾಗಿ ಬರ್ಲಿ ಅಂತಿದೀನಿ."

"ಹವೆಗೆ ಕ್ಯಾಲೆಂಡರ್ ತೋರ್ಸೋಕಾಗುತ್ತಾ?"

ನನಗೆ ರೇಗಿತು. "ನಿಮಗೇನಣ್ಣ, ಮೂರು ಗಂಡುಮಕ್ಕಳನ್ನೂ ಕೋಟಾದಲ್ಲೇ ದಡ ಹತ್ತಿಸಿಕೊಂಡ್ರಿ. ಈಗ ನನಗೆ ಬುದ್ಧಿ ಹೇಳ್ತೀರಿ" ಎಂದುಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಐಸು ಗೀಸು ಇಡುವ ಯೋಚನೆ ಮಾಡಬೇಡ ಎಂದು ಮಾತ್ರ ಎಚ್ಚರಿಸಿದರು. ಹೋದ ವರ್ಷ ಒಬ್ಬ ಬನಿಯನ್ನಿನೊಳಗೆ ಐಸಿನ ಚೀಲ ಕಟ್ಟಿಕೊಂಡು ಹೋಗಿ, ಅದು ಕರಗಿ ಪಂಚೆಯೆಲ್ಲ ಒದ್ದೆಯಾಗಿ ಸಿಕ್ಕಿಬಿದ್ದಿದ್ದ. ಅವನ ಸೌಲಭ್ಯಗಳು ಜನ್ಮಕ್ಕೆ ರದ್ದಾದವು, ಮಕ್ಕಳದ್ದೂ ಸೇರಿ. "ಅದು ಒಳಗಿನ ಚಳಿ ತಂಗಿ. ಹೊರಗಿಂದ ಹಚ್ಚಿದ್ರೆ ಹತ್ತಲ್ಲ."

"ಒಳಗಿಂದ ಎಬ್ಬಿಸಿದ್ರೆ?" ಎಂದೆ.

ಅವರು ನನ್ನನ್ನೇ ನೋಡಿದರು. "ಅದನ್ನ ಮುಟ್ಟಬೇಡ" ಎಂದರು. ನಾನು ಸೆರಗು ಕೊಡವಿ ಎದ್ದು ಬಂದೆ.

ಒಳಗಿಂದ ಎಬ್ಬಿಸುವ ದಾರಿ ನನಗೆ ಗೊತ್ತಿತ್ತು. ಅದೊಂದು ಹೆಸರು. ಅವರು ಗಡಿಯಿಂದ ಬಂದ ವರ್ಷ, ಒಂದು ಮಧ್ಯಾಹ್ನ, ಊಟದ ತಟ್ಟೆಯ ಮುಂದೆ ಕೂತಲ್ಲೇ ಹೇಳಿದ್ದರು. ಅಲ್ಲಿ ಡೇರೆಯ ಮೇಲೆ ಮಂಜು ಬೀಳುತ್ತಲೇ ಇರುತ್ತದಂತೆ, ಎರಡೆರಡು ಗಂಟೆಗೆ ಒಬ್ಬರು ಎದ್ದು ಹೊರಗೆ ಹೋಗಿ ಸಲಿಕೆಯಲ್ಲಿ ಎತ್ತಿ ಹಾಕದಿದ್ದರೆ ಡೇರೆ ಮಡಚಿಕೊಳ್ಳುತ್ತದಂತೆ. ಅವತ್ತಿನ ಪಾಳಿ ಇವರದು. ಜೊತೆಗಿದ್ದವನು, ಯಾವುದೋ ದೂರದ ಊರಿನವನು, ಇವರನ್ನು ಎರಡು ಸಲ ಹೆಸರು ಹಿಡಿದು ಕರೆದ. ಇವರಿಗೆ ಎಚ್ಚರವಿತ್ತು. ಮೂರು ದಿನದಿಂದ ನಿದ್ದೆಯಿರಲಿಲ್ಲ, ಇನ್ನು ಹತ್ತು ನಿಮಿಷ ಎಂದು ನಿದ್ದೆ ಬಂದವರ ಹಾಗೆ ಬಿದ್ದುಕೊಂಡಿದ್ದರು. ಇರಲಿ ಪಾಪ, ಮಲಗಲಿ ಎಂದು ಅವನೇ ಸಲಿಕೆ ತೆಗೆದುಕೊಂಡು ಹೋದ. ಗುಡ್ಡದಿಂದ ಮಂಜು ಜಾರಿ ಬಂತು. ಅವನು ಸಿಗಲೇ ಇಲ್ಲ. ಕಾಗದ ಪತ್ರಗಳಲ್ಲಿ ಆ ಪಾಳಿ ಅವನದೇ ಎಂದು ಬರೆದಿದೆ. ಯಾರೂ ಕೇಳಲಿಲ್ಲ, ಇವರು ಹೇಳಲಿಲ್ಲ.

ಹೇಳಿ ಮುಗಿಸುವ ಹೊತ್ತಿಗೆ ಚೊಂಬಿನ ನೀರು ಮಂಜುಗಡ್ಡೆಯಾಗಿ ಚೊಂಬು ನಡುವೆ ಸೀಳಿತ್ತು. ಅವರ ಹುಬ್ಬಿನ ಮೇಲೆ ಬಿಳಿ ಪುಡಿ ಕೂತಿತ್ತು. ಮೂರು ದಿನ ಮೂರು ಕಂಬಳಿ ಹೊದಿಸಿ, ಕೆಂಡದ ಬಾಂಡಲಿ ಸುತ್ತ ಇಟ್ಟು ಬದುಕಿಸಿಕೊಂಡೆ. ನಾಲ್ಕನೇ ದಿನ ಅವರು ಸುಗುಣಳ ತಲೆಯ ಮೇಲೆ ನನ್ನ ಕೈ ಇಡಿಸಿದರು. "ಅವನ ಹೆಸರು ಯಾವತ್ತೂ ನಿನ್ನ ಬಾಯಲ್ಲಿ ಬರಬಾರ್ದು. ಬೇರೆ ಯಾರಿಂದಾದ್ರೂ ಕೇಳಿ ತಡ್ಕೊತೀನಿ, ನಿನ್ನಿಂದ ಆಗಲ್ಲ" ಎಂದರು. ನಾನು ಆಣೆ ಮಾಡಿದೆ. ಜಗಳದಲ್ಲಿ ನಾನು ಏನೆಲ್ಲ ಅಂದಿದ್ದೇನೆ, ನನ್ನ ಬಾಯಿ ಊರಿಗೇ ಗೊತ್ತು. ಆ ಹೆಸರು ಮಾತ್ರ ಹದಿನಾಲ್ಕು ವರ್ಷದಲ್ಲಿ ನಾಲಿಗೆಯ ತುದಿಗೂ ಬಂದಿರಲಿಲ್ಲ.

ಬುಧವಾರ ಬಂದೇಬಂತು. ಹೇಳುವುದಿಲ್ಲ ಎಂದುಕೊಂಡೇ ಮನೆ ಬಿಟ್ಟೆ. ಸುಗುಣ ಬಾಗಿಲ ತನಕ ಬಂದು, "ಅಪ್ಪ, ಸ್ವೆಟರ್ ಹಾಕ್ಕೊಂಡು ಹೋಗಿ, ಆಫೀಸಿನವರು ನೋಡಿದ್ರೆ ನಂಬಿಕೆ ಬರುತ್ತೆ" ಎಂದು ನಕ್ಕಳು. ನಗುತ್ತಿದ್ದಳೇ ಹೊರತು ಬಾಗಿಲ ಚೌಕಟ್ಟು ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. ಅವಳಿಗೂ ಎಲ್ಲ ಗೊತ್ತಿತ್ತು. ಅಪ್ಪ ಬೆಚ್ಚಗಾದದ್ದು ಮೊದಲು ಗೊತ್ತಾದದ್ದೇ ಅವಳಿಗೆ. ಒಂದು ಮಾತೂ ಆಡಿರಲಿಲ್ಲ.

ಸಿಪಾಯಿ ಕಚೇರಿಯ ಪರೀಕ್ಷೆಯ ಕೋಣೆ ಚಿಕ್ಕದು. ಒಂದು ಕುರ್ಚಿ, ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿದ ಥರ್ಮಾಮೀಟರ್, ಗೋಡೆ ಗಡಿಯಾರ, ಅಧಿಕಾರಿಯ ಮೇಜು. ಮನೆಯವರೊಬ್ಬರು ಪಕ್ಕದಲ್ಲಿ ಕೂರಲೇಬೇಕೆಂದು ನಿಯಮ, ಅದಕ್ಕೊಂದು ಸ್ಟೂಲು. ವತ್ಸಲಾ ಮೇಡಂ ಅಂತ ಅಧಿಕಾರಿ, ಒಳ್ಳೆಯ ಹೆಂಗಸು, ಪ್ರತಿ ವರ್ಷ ನನ್ನಿಂದ ಒಂದು ಮೊಳ ಹೂವು ತೆಗೆದುಕೊಂಡು ದುಡ್ಡು ಕೊಟ್ಟೇ ಮುಡಿಯುತ್ತಿದ್ದರು. ಹಿಂದಿನ ವರ್ಷಗಳಲ್ಲಿ ನಮ್ಮ ಮನೆಯವರು ಕೂತ ಎರಡೇ ನಿಮಿಷಕ್ಕೆ ಮೇಡಂ ಶಾಲು ಹೊದ್ದುಕೊಂಡು, ಸಾಕು ಸಾಕು ಏಳಿ ಹವಾಲ್ದಾರರೇ ಎನ್ನುತ್ತಿದ್ದರು. ಈ ಸಲ ಶಾಲು ತೊಡೆಯ ಮೇಲೇ ಉಳಿಯಿತು.

ಮೊದಲ ಸಲ ನೋಡಿದಾಗ ಇಪ್ಪತ್ತಾರು. ಹತ್ತು ನಿಮಿಷ ಕಳೆದ ಮೇಲೂ ಇಪ್ಪತ್ತಾರು. ಇಪ್ಪತ್ತೈದನೇ ನಿಮಿಷಕ್ಕೆ ಇಪ್ಪತ್ತನಾಲ್ಕಕ್ಕೆ ಇಳಿಯಿತು, ಮತ್ತೆ ಇಪ್ಪತ್ತೈದಕ್ಕೆ ಏರಿತು. ಅವರು ಕಣ್ಣು ಮುಚ್ಚಿ ಕೂತಿದ್ದರು. ತುಟಿ ಅಲ್ಲಾಡುತ್ತಿತ್ತು, ದೇವರ ಹೆಸರು ಹೇಳುತ್ತಿದ್ದಾರೆ ಅಂದುಕೊಂಡೆ. ಹಣೆಯಲ್ಲಿ ಬೆವರು ಮೂಡಿ ಕಿವಿಯ ಪಕ್ಕದಲ್ಲಿ ಇಳಿಯಿತು. ಮೇಡಂ ಅದನ್ನು ನೋಡಿ ಪೆನ್ನಿನ ಮುಚ್ಚಳ ಹಾಕಿದರು. ಗಡಿಯಾರದಲ್ಲಿ ಇನ್ನು ಹದಿನೈದು ನಿಮಿಷ ಉಳಿದಿತ್ತು, ಆಮೇಲೆ ಹತ್ತು, ಆಮೇಲೆ ಏಳು.

ಮೇಡಂ ಎದ್ದು ನನ್ನ ಪಕ್ಕಕ್ಕೆ ಬಂದರು. ನೀರು ಕೊಡುವವರ ಹಾಗೆ ಬಗ್ಗಿ, ತಗ್ಗಿದ ದನಿಯಲ್ಲಿ, "ನೀಲಮ್ಮ, ಮನೆಯವರನ್ನ ಪಕ್ಕದಲ್ಲಿ ಕೂರಿಸೋದು ಯಾಕೆ ಅಂದ್ಕೊಂಡಿದೀರಿ? ಎಲ್ಲ ಹೆಂಡ್ತೀರಿಗೂ ಒಂದು ಮಾತು ಗೊತ್ತಿರುತ್ತೆ. ಹೇಳಿ ಅಂತ ನಾನು ಹೇಳೋ ಹಾಗಿಲ್ಲ. ಟೈಮ್ ಆಗ್ತಾ ಇದೆ" ಎಂದರು. ಅವರ ಕಣ್ಣಿನಲ್ಲಿ ಕರುಣೆಯೇ ಇತ್ತು. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಅತ್ತ ದರಿ, ಇತ್ತ ಪುಲಿ. ಈ ಕಡೆ ಬೆಚ್ಚಗಾದ ಗಂಡ, ಆ ಕಡೆ ಬಾಗಿಲ ಚೌಕಟ್ಟು ಹಿಡಿದು ನಿಂತ ಮಗಳು. ಭಾನುವಾರದ ಆ ಕೈ ನೆನಪಾಯಿತು. ಅದೊಂದು ಕೈ ಸಾಕಲ್ಲ, ಏನಾದರಾಗಲಿ, ಎದ್ದು ಮನೆಗೆ ಹೋಗೋಣ ಅನ್ನಿಸಿತು. ಜೊತೆಗೇ ನಾದಿನಿಯ ಮುಖವೂ ನೆನಪಾಯಿತು, ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ಮೂರನೇ ಸಲ ಬರುವ ಮುಖ. ನಾಲ್ಕು ನಿಮಿಷ ಉಳಿದಿತ್ತು. ಇವರು ಗಟ್ಟಿ ಮನುಷ್ಯ, ಮತ್ತೆ ಕೆಂಡ ಇಟ್ಟು ಬದುಕಿಸಿಕೊಳ್ಳುತ್ತೇನೆ, ಮತ್ತೆ ಹದಿನಾಲ್ಕು ವರ್ಷ ಕಾಯುತ್ತೇನೆ ಎಂದುಕೊಂಡೆ. ಅವರ ಕಿವಿಯ ಹತ್ತಿರ ಬಗ್ಗಿದೆ.

"ದಿಲ್ಬಾಗ್" ಎಂದೆ.

ಏನೂ ಆಗಲಿಲ್ಲ. ಥರ್ಮಾಮೀಟರ್ ಇಪ್ಪತ್ತೈದರಲ್ಲೇ ನಿಂತಿತ್ತು. ಇನ್ನೂ ಗಟ್ಟಿಯಾಗಿ, ಮೇಡಂಗೂ ಕೇಳುವ ಹಾಗೆ, ಎರಡನೇ ಸಲ ಹೇಳಿದೆ. ದಿಲ್ಬಾಗ್ ನಿಮ್ಮನ್ನ ಎರಡು ಸಲ ಕರೆದ ಎಂದೂ ಸೇರಿಸಿದೆ. ಹೇಳಿದ್ದು ಹೇಳಿದ್ದೇ.

ಅವರು ಕಣ್ಣು ತೆರೆದರು. ಸಿಟ್ಟಿರಲಿಲ್ಲ. ತೀರಾ ಸುಸ್ತಾದವರ ದನಿಯಲ್ಲಿ, "ಆ ಹೆಸರಿಂದ ಆಗಲ್ಲ ಕಣೆ" ಎಂದರು. "ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಿಂತು ಅದೇ ಹೆಸರು ಹೇಳ್ಕೊತಿದೀನಿ. ಆಗ್ಲೇ ಚಳಿ ಕಮ್ಮಿ ಆಗ್ತಾ ಬಂದಿತ್ತು. ಪಾಪುಗೆ ಸೀಟು ಆಗೋವರ್ಗಾದ್ರೂ ಇರ್ಲಿ ಅಂತ. ಅವನ ದನಿ ನೆನಪು ಮಾಡ್ಕೊಂಡು, ಅವನು ಕರೆದ ಹಾಗೇ ನನ್ನ ಹೆಸರನ್ನ ನಾನೇ ಕರ್ಕೊತಿದ್ದೆ. ಹೇಳಿ ಹೇಳಿ ಸವೆದೋಯ್ತು ನೀಲಾ. ಈಗಲೂ ಅದನ್ನೇ ಹೇಳ್ಕೊತಿದ್ದೆ. ಬರೀ ಹೆಸರು ಉಳಿದಿದೆ, ಅವನು ಇಲ್ಲ."

ಮನುಷ್ಯ ಎಂಟು ವರ್ಷ ನಮಗಾಗಿ ಬೆಳಿಗ್ಗೆ ಬೆಳಿಗ್ಗೆ ತನ್ನ ಗಾಯವನ್ನು ತಾನೇ ಕೆದರಿಕೊಂಡಿದ್ದಾನೆ. ಗೋಡೆಯ ಈಚೆ ನಾನು ಹೂವು ಕಟ್ಟುತ್ತಾ ಕೂತಿದ್ದೆ. ಅವರ ಕೈ ಹಿಡಿಯಬೇಕೆಂದು ನನ್ನ ಕೈ ಎತ್ತಿದೆ. ಆಗ ಅವರು ನನ್ನ ಕಡೆ ಪೂರ್ತಿ ತಿರುಗಿ ನೋಡಿದರು. ಮಾತು ಅವರಿಗೆ ನಿಧಾನವಾಗಿ ಬಂತು, ಈಗಷ್ಟೇ ತಿಳಿದುಕೊಂಡವರ ಹಾಗೆ.

"ಆದ್ರೆ ನೀನು ಹೇಳಿದೆ" ಎಂದರು.

ಪಾದರಸ ಇಳಿಯತೊಡಗಿತು. ಇಪ್ಪತ್ತು, ಹದಿನಾರು, ಹನ್ನೊಂದು. ಮೇಡಂ ಅಭ್ಯಾಸಬಲದಿಂದ ಶಾಲು ಎಳೆದುಕೊಂಡು, ಬಂತು ಬಂತು, ಅಲ್ಲಾಡಬೇಡಿ ಎಂದರು. ಏಳು, ಮೂರು. ಮೇಜಿನ ಮೇಲಿನ ಲೋಟದ ನೀರಿಗೆ ಕೆನೆ ಕಟ್ಟಿದ ಹಾಗೆ ಮಂಜು ಕಟ್ಟಿತು. ಸೊನ್ನೆ ದಾಟಿ ಕೆಳಗೆ ಹೋಯಿತು. ಎತ್ತಿದ ನನ್ನ ಕೈ ಅಲ್ಲೇ ಮರಗಟ್ಟಿತು, ಬೆರಳು ಮಡಚಲಾಗಲಿಲ್ಲ. ಮೂಗಿನ ತುದಿ ಉರಿಯಿತು. ಹದಿನಾಲ್ಕು ವರ್ಷ ಆ ಚಳಿಯ ಜೊತೆ ಬಾಳಿದವಳು ನಾನು, ಅದರ ಗುರುತು ನನಗಿಲ್ಲವೇ? ಇದು ಅದಲ್ಲ. ಇದರಲ್ಲಿ ಸೀಮೆಎಣ್ಣೆಯ ವಾಸನೆ ಇರಲಿಲ್ಲ, ಯಾವ ವಾಸನೆಯೂ ಇರಲಿಲ್ಲ. ಇದು ಗಡಿಯಿಂದ ಬಂದ ಚಳಿಯಲ್ಲ, ನನ್ನಿಂದ ಬಂದದ್ದು.

ಸೊನ್ನೆಗಿಂತ ಕೆಳಗೆ ಇಳಿದವರಿಗೆ ಕಾಯಂ ಪತ್ರ ಕೊಡಬೇಕೆಂದು ನಿಯಮದಲ್ಲಿದೆಯಂತೆ, ಇಷ್ಟು ವರ್ಷದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಮೇಡಂ ಪೆನ್ನಿನ ಶಾಯಿ ಹೆಪ್ಪುಗಟ್ಟಿ ಎರಡು ಪೆನ್ನು ಬದಲಾಯಿಸಿದರು. ಸಹಿ ಹಾಕಿ, ಮೊಹರು ಒತ್ತಿ, "ಇನ್ನು ಮೇಲೆ ನೀವು ಪರೀಕ್ಷೆಗೆ ಬರೋದೇ ಬೇಡ ಹವಾಲ್ದಾರರೇ. ಮಗಳಿಗೆ ನನ್ನ ಆಶೀರ್ವಾದ ಹೇಳಿ" ಎಂದರು. ನಮ್ಮ ಮನೆಯವರು ಎದ್ದು ಸೆಲ್ಯೂಟ್ ಹೊಡೆದರು. ಪತ್ರವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟರು, ಬೆರಳು ತಾಗದ ಹಾಗೆ ತುದಿ ಹಿಡಿದು.

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು, ನಾನು ಪಕ್ಕದಲ್ಲಿ ಹಲ್ಲು ಕಟಕಟಿಸುತ್ತಾ ಕೂತೆ. "ನಂದು ತಪ್ಪಾಯ್ತು" ಎಂದೆ. "ತಪ್ಪೇನಿಲ್ಲ. ನಾನೂ ಅದನ್ನೇ ತಾನೇ ಮಾಡ್ತಿದ್ದದ್ದು. ಪಾಪು ಸೀಟು ಆಯ್ತಲ್ಲ, ಅಷ್ಟು ಸಾಕು" ಎಂದರು. ನನ್ನನ್ನು ನೋಡಿ ನಗಲಿಕ್ಕೂ ಪ್ರಯತ್ನ ಮಾಡಿದರು. ಹಾಗೆ ನಕ್ಕಾಗ ಕಿಟಕಿಯ ಗಾಜಿನ ಮೇಲೆ ಬಿಳಿ ಮಂಜು ಕೂತು ಹೊರಗಿನದು ಏನೂ ಕಾಣದಾಯಿತು. ಮುಂದಿನ ಸೀಟಿನ ಅಜ್ಜಿಯೊಬ್ಬಳು ತಿರುಗಿ, "ಯಾಕವ್ವ ಹಿಂಗೆ ನಡುಗ್ತೀಯ, ಜ್ವರ ಏನು?" ಎಂದು ಕೇಳಿದಳು. ಅವಳೂ ಇವರ ಕೈಗೆಟುಕುವಷ್ಟು ಹತ್ತಿರವೇ ಕೂತಿದ್ದಳು, ಆದರೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಆಗ ನನಗೆ ಅದು ಹೊಳೆಯಲಿಲ್ಲ.

ಮನೆಯ ಬಾಗಿಲಲ್ಲಿ ಹೊಳೆಯಿತು. ಸುಗುಣ ಓಡಿ ಬಂದು ನನ್ನ ಮುಖ ನೋಡಿದಳು, ನನ್ನ ಕೈಯ ಪತ್ರ ನೋಡಿದಳು, ಅಪ್ಪನನ್ನು ಗಟ್ಟಿಯಾಗಿ ತಬ್ಬಿಕೊಂಡು ಅತ್ತಳು. ಮುಟ್ಟಬೇಡ ಮಗಳೇ, ಬೆರಳು ಸೆಟೆಯುತ್ತೆ ಎಂದು ನಾನು ಕೂಗುವಷ್ಟರಲ್ಲಿ ಅವಳೇ ತಲೆ ಎತ್ತಿ, "ಅಪ್ಪ ಬೆಚ್ಚಗೇ ಇದಾರಲ್ಲಮ್ಮ. ಮತ್ತೆ ಹೆಂಗೆ ಪಾಸಾದ್ರು?" ಎಂದಳು. ಅವರ ಕೈ ಅವಳ ತಲೆಯ ಮೇಲಿತ್ತು, ಟವೆಲ್ಲಿಲ್ಲದ ಬರಿಗೈ. ನಾನು ಒಂದು ಹೆಜ್ಜೆ ಹತ್ತಿರ ಹೋದೆ. ನನ್ನ ಬಾಯಿಂದ ಹೊಗೆ ಬಂತು. ಅವಳ ಬಾಯಿಂದ ಬರಲಿಲ್ಲ.

ಇದೆಲ್ಲ ಆಗಿ ಮೂರು ವರ್ಷವಾಯಿತು. ಅವರು ಬೇಕೆಂದು ಮಾಡುವುದಲ್ಲ, ಅದು ನನಗೆ ಗೊತ್ತು. ಎಷ್ಟೋ ಸಲ ಅವರೇ ಬಂದು ಪಕ್ಕ ಕೂತು, ನನ್ನ ಉಗುರು ನೀಲಿಗಟ್ಟುವುದನ್ನು ನೋಡಿ, "ನನ್ನ ಕೈಲಿಲ್ಲ ಕಣೆ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ಹೋಗಿದ್ದಾರೆ. ಊರವರೆಲ್ಲ ಅವರಿಗೆ ಹವೆ ಬಿಟ್ಟಿದೆ ಎಂದೇ ತಿಳಿದಿದ್ದಾರೆ. ಮಕ್ಕಳು ಅವರ ಬೆನ್ನ ಮೇಲೆ ಹತ್ತಿ ಆಡುತ್ತವೆ. ಇಮಾಮಸಾಬರು ಒಂದು ದಿನ ನಾನು ಅವರಿಂದ ಅಷ್ಟು ದೂರ ಕೂತದ್ದನ್ನು ನೋಡಿ ಗಡ್ಡ ನೀವಿದರು. ಮತ್ತೊಮ್ಮೆ ಅಂಥ ಬುಧವಾರ ಬಂದರೆ ಏನು ಮಾಡುತ್ತೀ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಸುಗುಣಳ ಬಿಳಿ ಸಮವಸ್ತ್ರ ಒಗೆದು ಒಣಹಾಕುವಾಗ ಮತ್ತೆ ಹೇಳುತ್ತೇನೆ ಅನ್ನಿಸುತ್ತದೆ. ಉಳಿದ ಹೊತ್ತಿನಲ್ಲಿ ಏನನ್ನಿಸುತ್ತದೆ ಎಂದು ಬರೆದು ಪ್ರಯೋಜನವಿಲ್ಲ.

ಹೋದ ವಾರ ಅವಳು ರಜೆಗೆ ಬಂದಿದ್ದಳು. ಚಳಿಗಾಲದ ಸಂಜೆ, ಅಪ್ಪ ಮಗಳು ಹಿತ್ತಲ ಕಟ್ಟೆಯ ಮೇಲೆ ಒಂದೇ ಶಾಲು ಹೊದ್ದು ಕೂತು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಸುಗುಣ ಶಾಲಿನ ಅಂಚು ಎತ್ತಿ ಜಾಗ ಮಾಡಿ, "ಅಲ್ಲೇನಮ್ಮ ಒಬ್ಬಳೇ ನಡುಗ್ತಾ ನಿಂತಿದೀಯ? ಇಲ್ಲಿ ಬಾ, ಅಪ್ಪನ ಪಕ್ಕ ಕೂತ್ಕೊ, ಒಲೆ ಮುಂದೆ ಕೂತ ಹಾಗಿದೆ" ಎಂದಳು. ಅವರು ತಲೆ ತಗ್ಗಿಸಿ ಕಡಲೆಕಾಯಿಯ ಸಿಪ್ಪೆ ಆರಿಸತೊಡಗಿದರು. ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಉಕ್ಕುತ್ತದೆ ಎಂದು ಹೇಳಿ ನಾನು ಒಳಗೆ ಬಂದೆ. ಒಲೆ ಹಚ್ಚಿರಲೇ ಇಲ್ಲ.